ತಾಳೆ ನಾರಿನ ಎಣ್ಣೆ: ಹೆಕ್ಸೇನ್ ಇಲ್ಲದೆ ತೆಗೆದ ನನ್ನ ಅನುಭವ

ತಾಳೆ ಹಣ್ಣು ಹಿಂಡಿದ ಮೇಲೆ ಮಿಲ್ಲಿನಲ್ಲಿ ಉಳಿಯುವ ನಾರಿನಿಂದ, ಎಣ್ಣೆ ಕರಗಿಸಿ ತೆಗೆಯಲು ಎಲ್ಲರೂ ಬಳಸುವ ಹೆಕ್ಸೇನ್ ಎಂಬ ದ್ರಾವಕ (ಸಾಲ್ವೆಂಟ್) ಮುಟ್ಟದೆ, ಆಲ್ಕೋಹಾಲಿನಲ್ಲೇ ಎಣ್ಣೆ ತೆಗೆಯಬಹುದು, ಅದರಲ್ಲಿ ದುಡ್ಡೂ ಇದೆ. ಹೀಗಂದಾಗ ಮಿಲ್ಲಿನವರು ನಂಬಲಿಲ್ಲ. ಸಾಲ್ವೆಂಟ್ ಪ್ಲಾಂಟ್ ನಡೆಸುವ ಗೆಳೆಯರಂತೂ "ಆಲ್ಕೋಹಾಲಿನಲ್ಲಿ ಎಣ್ಣೆ ಎಲ್ಲಿ ಕರಗುತ್ತೆ, ಸುಮ್ನೆ ದುಡ್ಡು ಸುಡಬೇಡ" ಅಂದರು. ಈಗ ನನ್ನ ಎಣ್ಣೆ ಡ್ರಮ್ಮು ಡ್ರಮ್ಮಾಗಿ ಹೋಗುತ್ತಿದೆ.

ನಾನು ದಾವಣಗೆರೆ ಕಡೆಯವನು, ಕೆಲಸ ಆಂಧ್ರದ ಏಲೂರು ಜಿಲ್ಲೆಯಲ್ಲಿ. ನಮ್ಮಲ್ಲೂ ತಾಳೆ ಬೆಳೆಯುತ್ತಾರೆ. ಆದರೆ ನನಗೆ ಬೇಕಾದಷ್ಟು ನಾರು ಸಿಗುವುದು ಗೋದಾವರಿ ಕಡೆಯೇ.

ಪ್ರೆಸ್ ಎಷ್ಟು ಬಿಗಿ ಮಾಡಿದರೂ ಒಣ ನಾರಿನಲ್ಲಿ ಶೇ. 5-6ರಷ್ಟು ಎಣ್ಣೆ ಉಳಿಯುತ್ತದೆ, ಅದು ಬಾಯ್ಲರ್‌ನಲ್ಲಿ ಉರಿದುಹೋಗುತ್ತದೆ. ಹೊಟ್ಟೆ ಉರಿಯುವುದು ಅಲ್ಲೇ. ಕಚ್ಚಾ ತಾಳೆ ಎಣ್ಣೆಯಲ್ಲಿ ಕ್ಯಾರೊಟಿನ್ (ದೇಹದಲ್ಲಿ ವಿಟಮಿನ್ ಎ ಆಗುವ ಕೇಸರಿ ಬಣ್ಣದ ವಸ್ತು) 500-700 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ ಅಷ್ಟು ಪಾಲು, ಇದ್ದರೆ ನಾರಿನ ಎಣ್ಣೆಯಲ್ಲಿ 4000ದಿಂದ 6000. ವಿಟಮಿನ್ ಇ ಕೂಡ ಎಷ್ಟೋ ಜಾಸ್ತಿ. ಮಲೇಷ್ಯಾದವರು 1990ರ ದಶಕದಲ್ಲೇ ಇದನ್ನು ಅಳೆದು ತೋರಿಸಿದ್ದಾರೆ.

ಹೆಕ್ಸೇನ್ ಬೇಡ ಅಂದದ್ದಕ್ಕೆ ಕಾರಣ ಇದೆ. ಅದರ ಆವಿಯಲ್ಲಿ ವರ್ಷಗಟ್ಟಲೆ ನಿಂತವರ ನರಕ್ಕೆ ಪೆಟ್ಟು ಬೀಳುತ್ತದೆ. ನನ್ನ ಹುಡುಗರನ್ನು ಅಲ್ಲಿ ನಿಲ್ಲಿಸಲು ಮನಸ್ಸಾಗಲಿಲ್ಲ. ಎಥನಾಲ್ ಅಂದರೆ ಅಬಕಾರಿ ಪರವಾನಗಿಯ ಓಡಾಟ. ಕೊನೆಗೆ ಉಳಿದದ್ದು ಐಪಿಎ, ಅಂದರೆ ಐಸೊಪ್ರೊಪೈಲ್ ಆಲ್ಕೋಹಾಲ್. ಅದೂ ಬೇಗ ಬೆಂಕಿ ಹಿಡಿಯುವಂಥದ್ದೇ, ಹಾಗಾಗಿ ಒಳಗಿನ ಕಿಡಿಯಿಂದ ಹೊರಗೆ ಬೆಂಕಿ ಹತ್ತದಂಥ ಫ್ಲೇಮ್‌ಪ್ರೂಫ್ ಮೋಟಾರಿಗೆ ಖರ್ಚು ಮಾಡಲೇಬೇಕು.

ಮೊದಲ ಬ್ಯಾಚುಗಳೆಲ್ಲ ಹಾಳಾದವು. ಪ್ರೆಸ್‌ನಿಂದ ಬರುವ ನಾರಿನಲ್ಲಿ ಶೇ. 35-40 ನೀರು. ಆ ನೀರು ಐಪಿಎಗೆ ಸೇರಿತು, ಎಣ್ಣೆ ಕರಗುವುದು ನಿಂತಿತು, ಬದಲಿಗೆ ಅಂಟು, ಸಕ್ಕರೆ, ಕೆಸರಿನಂಥದ್ದು ಇಳಿದು ಬಂತು. ಸುಮಾರು ಒಂದೂವರೆ ಲಕ್ಷ ಹೀಗೇ ಹೋಯಿತು. ಬಿಸಿಲಿಗೆ ಹರವಿ ಒಣಗಿಸಿದೆವು, ಕ್ಯಾರೊಟಿನ್ ಬಿಸಿಲಿಗೇ ಸತ್ತಿತು. ರಾಶಿ ಹಾಕಿಟ್ಟರೆ ಬೂಷ್ಟು ಹಿಡಿದು ಎಫ್‌ಎಫ್‌ಎ (ಎಣ್ಣೆ ಕೆಟ್ಟಾಗ ಬಿಡುಗಡೆಯಾಗುವ ಕೊಬ್ಬಿನ ಆಮ್ಲ) ಏರಿತು. ಈಗ ಬಾಯ್ಲರ್ ಚಿಮಣಿಯ ಶಾಖದಲ್ಲಿ ಗಾಳಿ ಬಿಸಿ ಮಾಡಿ, ಅದೇ ದಿನ ನೆರಳಿನಲ್ಲಿ ಶೇ. 8ಕ್ಕಿಂತ ಕೆಳಗೆ ಒಣಗಿಸುತ್ತೇವೆ. ಅರ್ಧ ಗೆಲುವು ಡ್ರೈಯರ್‌ನದೇ.

ಐಪಿಎಯನ್ನು ಪೂರ್ತಿ ಶುದ್ಧ ಮಾಡಲು ಹೋಗಬೇಡಿ. ಬಟ್ಟಿ ಇಳಿಸಿದರೆ ತಾನಾಗೇ ಶೇ. 88ರ ಹತ್ತಿರ ನಿಲ್ಲುತ್ತದೆ. ನನಗೆ ಬೇಕಾದದ್ದೂ ಅದೇ. ಆ ಹದದಲ್ಲಿ 70 ಡಿಗ್ರಿ ದಾಟಿದರೆ ಎಣ್ಣೆ ಕರಗುತ್ತದೆ, ತಣ್ಣಗಾದರೆ ಕೆಳಗೆ ಬೇರೆ ಪದರವಾಗಿ ಕೂರುತ್ತದೆ. ಮೇಲಿನ ಐಪಿಎಯಲ್ಲಿ ಹೆಚ್ಚಿನ ಪಾಲನ್ನು ಬಟ್ಟಿ ಇಳಿಸದೆ ಹಾಗೇ ಮುಂದಿನ ನಾರಿಗೆ ಹಾಕುತ್ತೇವೆ. ನನ್ನ ಲೆಕ್ಕ ಸರಿಹೋದದ್ದೇ ಇದರಿಂದ. ಎಷ್ಟು ನಿಧಾನ ತಣಿಸುವುದು, ಪದರ ಒಡೆಯುವ ಮೊದಲು ಏನು ಮಾಡುವುದು, ಈ ಎರಡು ಮಾತ್ರ ನನ್ನ ಬಳಿಯೇ ಇರಲಿ.

ನಾನು ಎಣಿಸದೇ ಇದ್ದ ಲಾಭ ಇನ್ನೊಂದು. ಎಫ್‌ಎಫ್‌ಎಯ ದೊಡ್ಡ ಪಾಲು ಮೇಲಿನ ಪದರದಲ್ಲೇ ಉಳಿಯುತ್ತದೆ, ಕ್ಯಾರೊಟಿನ್ ಎಣ್ಣೆಯ ಜೊತೆ ಕೆಳಗೆ ಬರುತ್ತದೆ. ಅಂದರೆ ಆಮ್ಲ ತೆಗೆಯುವ ಕೆಲಸ ಅಲ್ಲೇ ಸ್ವಲ್ಪ ಆಗಿಬಿಡುತ್ತದೆ. ಕ್ಯಾರೊಟಿನ್ ಅಳೆಯುವ 446 ನ್ಯಾನೋಮೀಟರಿನ ಬೆಳಕಿನಲ್ಲಿ ನೋಡಿದಾಗ ಒಳ್ಳೆಯ ಬ್ಯಾಚು 4500 ಪಿಪಿಎಂ ಆಸುಪಾಸು ಬಂತು. ನನ್ನನ್ನು ನಂಬದ ಗೆಳೆಯರೊಬ್ಬರು ತಮ್ಮ ಲ್ಯಾಬಿನಲ್ಲೇ ಮತ್ತೊಮ್ಮೆ ಅಳೆದರು. ಸಂಖ್ಯೆ ಬದಲಾಗಲಿಲ್ಲ.

ನಡುವೆ ಸೂಪರ್‌ಕ್ರಿಟಿಕಲ್ ಕಾರ್ಬನ್ ಡೈಆಕ್ಸೈಡಿನಲ್ಲೂ (ಭಾರಿ ಒತ್ತಡದಲ್ಲಿ ದ್ರಾವಕದಂತೆ ಕೆಲಸ ಮಾಡುವ ಅನಿಲ) ಬಾಡಿಗೆಗೆ ಒಂದಿಷ್ಟು ನಾರು ಓಡಿಸಿದೆ. ಒತ್ತಡ 300 ಬಾರ್ ದಾಟಿದ ಮೇಲೆ ಕ್ಯಾರೊಟಿನ್ ಬರತೊಡಗಿತು. ಎಣ್ಣೆ ಅಪ್ಪಟ ಕುಂಕುಮದ ಬಣ್ಣ, ಅಂಟೇ ಇಲ್ಲ. ಆದರೆ ಯಂತ್ರದ ಬೆಲೆ ಕೋಟಿಯ ಮಾತು, ಅದಕ್ಕೇ ಕೈಬಿಟ್ಟೆ. ಮಿಲ್ಲಿನ ಕೊಳಚೆ ನೀರಿನ ಮೇಲೆ ತೇಲುವ ಎಣ್ಣೆಯನ್ನೂ ಇದೇ ರೀತಿ ತೊಳೆದು ನೋಡಿದೆ. ವಾಸನೆ ಹೋಗಲಿಲ್ಲ. ಬಟ್ಟೆ ಸೋಪಿನವರಿಗೆ ಕೊಡುವುದೇ ಸರಿ.

ಇನ್ನು ದುಡ್ಡು. ನೂರು ಕಿಲೋ ಒಣ ನಾರಿಗೆ ಸುಮಾರು ನಾನ್ನೂರು ಲೀಟರ್ ಐಪಿಎ, ಎಣ್ಣೆ ನಾಲ್ಕು ಕಿಲೋ ಚಿಲ್ಲರೆ. ಮೊದಮೊದಲು ಬ್ಯಾಚಿಗೆ ಇಪ್ಪತ್ತು ಲೀಟರ್ ಐಪಿಎ ಗಾಳಿಗೆ ಹೋಗುತ್ತಿತ್ತು. ಅದೇ ಎರಡು ಸಾವಿರದ ಹತ್ತಿರ. ಎಣ್ಣೆ ಮಾರಿದರೆ ಬರುತ್ತಿದ್ದದ್ದೂ ಅಷ್ಟೇ! ನಷ್ಟ ಎಣ್ಣೆಯಲ್ಲಲ್ಲ, ಐಪಿಎ ಆವಿಯನ್ನು ತಣಿಸಿ ಮತ್ತೆ ದ್ರವ ಮಾಡುವ ಕಂಡೆನ್ಸರ್‌ನಲ್ಲಿ ಮತ್ತು ಹಿಂಡದೆ ಬಿಟ್ಟ ನಾರಿನಲ್ಲಿ ಆಗುತ್ತಿತ್ತು. ತಣ್ಣೀರಿನ ಎರಡನೇ ಕಂಡೆನ್ಸರ್ ಹಾಕಿ, ನಾರಿಗೆ ಸ್ಟೀಮ್ ಕೊಟ್ಟ ಮೇಲೆ ಐದು ಲೀಟರಿಗೆ ಇಳಿಯಿತು. ಸೋಪು, ಕ್ರೀಮು ಮಾಡುವವರು ಎಣ್ಣೆಗೆ ಕಿಲೋಗೆ ನಾನೂರೈವತ್ತರ ಆಸುಪಾಸು ಕೊಡುತ್ತಾರೆ. ಬಟ್ಟಿ ಇಳಿಸಿದಾಗ ತಳದಲ್ಲಿ ಉಳಿಯುವ ಅಂಟಿನಲ್ಲಿ ವಿಟಮಿನ್ ಇ ಇದೆ, ಅದಕ್ಕೆ ಗಿರಾಕಿ ಹುಡುಕುತ್ತಿದ್ದೇನೆ.

ಎಣ್ಣೆ ತೆಗೆದ ನಾರು ಉರಿಯುವುದಿಲ್ಲ ಅಂತ ಬಾಯ್ಲರ್‌ನವರು ಜಗಳ ತೆಗೆದಿದ್ದರು. ಒಣಗಿದ ನಾರಲ್ವಾ, ಹಸಿ ನಾರಿಗಿಂತ ಚೆನ್ನಾಗೇ ಉರಿಯುತ್ತಿದೆ. ಆದರೆ ಐಪಿಎ ವಾಸನೆ ಒಂದಿಷ್ಟಿದ್ದರೂ ಆ ನಾರನ್ನು ಬಾಯ್ಲರ್ ಹತ್ತಿರ ಒಯ್ಯಬೇಡಿ. ಇನ್ನೊಮ್ಮೆ ಸ್ಟೀಮ್ ಕೊಡಿ, ಸ್ಟೀಮಿನ ಖರ್ಚು ನೋಡಬೇಡಿ.