ಬೆರಳಿಗೊಂದು ಕೀ, ಕೀಗೊಂದು ಕೆಲಸ

ಕಾಲೇಜಿನ ಕೋರ್ಸ್ ಪಟ್ಟಿಯಲ್ಲಿ ‘ಕಂಪ್ಯೂಟರ್ ಕೀಬೋರ್ಡಿಂಗ್ ಮತ್ತು ಡಾಕ್ಯುಮೆಂಟ್ ಪ್ರೊಸೆಸಿಂಗ್’ ಅಂತ ಕಂಡರೆ ಹೆಚ್ಚಿನವರು ಮುಂದಿನ ಸಾಲಿಗೆ ಹೋಗಿಬಿಡುತ್ತಾರೆ. ಟೈಪ್ ಮಾಡೋದು ಯಾರಿಗೆ ಬರಲ್ಲ, ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ವರ್ಷಗಟ್ಟಲೆ ಎರಡೇ ತೋರುಬೆರಳಲ್ಲಿ ಕೆಲಸ ಸಾಗಿಸಿದ್ದೆ. ಕೋರ್ಸಿನ ಮೊದಲ ದಿನ ಮೇಡಂ ನಮ್ಮ ಕೈಗಳ ಮೇಲೆ ಒಂದು ಬಟ್ಟೆ ಹೊದಿಸಿ, ‘ಈಗ ನಿಮ್ಮ ಹೆಸರು ಹೊಡೀರಿ’ ಅಂದರು. ನನ್ನ ಹೆಸರಿನಲ್ಲೇ ಮೂರು ತಪ್ಪು. ಇಷ್ಟು ದಿನ ನನಗೆ ಬರುತ್ತಿದ್ದದ್ದು ಕೀ ಹುಡುಕುವುದು, ಟೈಪಿಂಗ್ ಅಲ್ಲ ಅಂತ ಆಗ ಗೊತ್ತಾಯಿತು.

ಈ ಕೋರ್ಸಿನಲ್ಲಿ ಎರಡು ಕಲಿಕೆ ಇವೆ. ಒಂದು ಬೆರಳಿನದು: ಕೀಬೋರ್ಡ್ ನೋಡದೆ ಟೈಪ್ ಮಾಡುವುದು. ಇನ್ನೊಂದು ಕಣ್ಣಿನದು: ಪತ್ರ, ವರದಿ, ಪಟ್ಟಿಗಳನ್ನು ನೆಟ್ಟಗೆ ಕಟ್ಟುವುದು. ಎರಡೂ ಬೇರೆ ಬೇರೆ ಅನಿಸಿದರೂ ಒಳಗಿನ ಶಿಸ್ತು ಒಂದೇ. ಪ್ರತಿ ಬೆರಳಿಗೂ ಅದರದೇ ಕೀಗಳು, ಪ್ರತಿ ಕೀಗೂ ಅದರದೇ ಕೆಲಸ. ಇದನ್ನು ಹಿಡಿದುಕೊಂಡರೆ ಉಳಿದದ್ದು ಅಭ್ಯಾಸದಿಂದ ಬರುತ್ತದೆ.

ಸೇರುವ ಮುಂಚೆ ಕೇಳಿಕೊಳ್ಳಿ

ಕೋರ್ಸಿನ ವಿವರ ಪೂರ್ತಿ ಓದಿ. ಶುರುವಿನಿಂದ ಕಲಿಸುತ್ತಾರಾ, ಅಥವಾ ಇಷ್ಟು ಸ್ಪೀಡ್ ಇರಲೇಬೇಕು ಅಂತ ಷರತ್ತಿದೆಯಾ? ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ? ಮನೆಯ ಕಂಪ್ಯೂಟರಿನಲ್ಲಿ ಅದು ಇಲ್ಲದಿದ್ದರೆ ಲ್ಯಾಬ್ ಎಷ್ಟು ಹೊತ್ತು ತೆರೆದಿರುತ್ತದೆ? ಅಂಕದಲ್ಲಿ ಸ್ಪೀಡಿಗೆ ಎಷ್ಟು, ದಾಖಲೆಗಳಿಗೆ ಎಷ್ಟು? ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಸ್ಪೀಡ್ ಒಂದನ್ನೇ ಬೆನ್ನುಹತ್ತಿ ದಾಖಲೆಗಳ ಅಂಕ ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಲ್ಯಾಪ್‌ಟಾಪ್ ಮಾತ್ರ ಇದ್ದರೆ ಬೇರೆ ಕೀಬೋರ್ಡ್ ಒಂದನ್ನು ಜೋಡಿಸಿಕೊಳ್ಳುವುದು ಒಳ್ಳೆಯದು. ಲ್ಯಾಪ್‌ಟಾಪಿನಲ್ಲಿ ಕೈ ಸರಿಯಾದ ಎತ್ತರಕ್ಕೆ ಬಂದರೆ ಕುತ್ತಿಗೆ ಬಗ್ಗುತ್ತದೆ, ಕುತ್ತಿಗೆ ನೆಟ್ಟಗಾದರೆ ಕೈ ಮೇಲೇಳುತ್ತದೆ.

ಕೂರುವುದು, ಬೆರಳು ಇಡುವುದು

ಪಾದ ಎರಡೂ ನೆಲದ ಮೇಲೆ ಚಪ್ಪಟೆಯಾಗಿ ಊರಿರಲಿ. ಮೊಣಕೈ ಸುಮಾರು 90 ಡಿಗ್ರಿ ಮಡಚಿರಲಿ, ಭುಜ ಸಡಿಲವಾಗಿರಲಿ. ಮಣಿಕಟ್ಟು ಮೇಲಕ್ಕೂ ಬಾಗಬಾರದು, ಪಕ್ಕಕ್ಕೂ ತಿರುಗಬಾರದು. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ, ಒಂದು ತೋಳಿನಷ್ಟು ದೂರದಲ್ಲಿ ಇರಲಿ. ಟೈಪ್ ಮಾಡುವಾಗ ಮಣಿಕಟ್ಟನ್ನು ಮೇಜಿನ ಅಂಚಿಗೆ ಒತ್ತಿ ಇಟ್ಟುಕೊಳ್ಳಬೇಡಿ. ಇದನ್ನು ಸುಮ್ನೆ ಶಿಸ್ತಿಗೆ ಹೇಳುತ್ತಿಲ್ಲ. ತಪ್ಪಾಗಿ ಕೂತು ದಿನಾ ಗಂಟೆಗಟ್ಟಲೆ ಟೈಪ್ ಮಾಡಿದರೆ ನೋವು ಮಣಿಕಟ್ಟಿನಿಂದ ಶುರುವಾಗಿ ಭುಜದವರೆಗೂ ಹತ್ತುತ್ತದೆ.

ಈಗ ಕಣ್ಣು ಮುಚ್ಚಿ, ಎರಡೂ ತೋರುಬೆರಳುಗಳನ್ನು ಕೀಬೋರ್ಡಿನ ನಡುಸಾಲಿನ ಮೇಲೆ ಮೆಲ್ಲಗೆ ಆಡಿಸಿ. ಎಫ್ ಮತ್ತು ಜೆ ಕೀಗಳ ಮೇಲೆ ಒಂದೊಂದು ಸಣ್ಣ ಗೆರೆಯಂಥ ಉಬ್ಬು ಸಿಗುತ್ತದೆ. ಕತ್ತಲಲ್ಲೂ ಜಾಗ ಸಿಗಲಿ ಅಂತಲೇ ಅದನ್ನು ಇಟ್ಟಿರುವುದು. ಎಡ ತೋರುಬೆರಳು ಎಫ್ ಮೇಲೆ, ಬಲ ತೋರುಬೆರಳು ಜೆ ಮೇಲೆ. ಎಡಗೈಯ ಉಳಿದ ಮೂರು ಬೆರಳು ಡಿ, ಎಸ್, ಎ ಮೇಲೆ ಬರುತ್ತವೆ. ಬಲಗೈಯವು ಕೆ, ಎಲ್, ಸೆಮಿಕೋಲನ್ ಮೇಲೆ. ಹೆಬ್ಬೆರಳು ಸ್ಪೇಸ್ ಬಾರ್ ಮೇಲೆ. ಇದೇ ಹೋಮ್ ರೋ. ಬೆರಳು ಎಲ್ಲಿಗೇ ಹೋಗಲಿ, ಕೀ ಒತ್ತಿ ಇಲ್ಲಿಗೇ ವಾಪಸ್ ಬರಬೇಕು.

ಇಲ್ಲಿಂದ ಮೇಲಕ್ಕೆ, ಕೆಳಕ್ಕೆ ಒಂದೊಂದು ಬೆರಳಿಗೂ ಓರೆಯಾದ ಒಂದು ಓಣಿ ಇದೆ. ಎಡ ನಡುಬೆರಳಿಗೆ ಇ, ಡಿ, ಸಿ. ಎಡ ಉಂಗುರದ ಬೆರಳಿಗೆ ಡಬ್ಲ್ಯೂ, ಎಸ್, ಎಕ್ಸ್. ತೋರುಬೆರಳುಗಳಿಗೆ ಕೆಲಸ ಜಾಸ್ತಿ. ಎಡದ್ದಕ್ಕೆ ಆರ್, ಎಫ್, ವಿ ಜೊತೆಗೆ ಟಿ, ಜಿ, ಬಿ ಕೂಡ ಸೇರಿ ಆರು ಅಕ್ಷರ. ಬಲದ್ದಕ್ಕೂ ಅಷ್ಟೇ. ದೊಡ್ಡ ಅಕ್ಷರ ಬೇಕಾದಾಗ ಎದುರು ಕೈಯ ಕಿರುಬೆರಳಿನಿಂದ ಶಿಫ್ಟ್ ಒತ್ತಿ. ಎ ಅಕ್ಷರ ಎಡಗೈಯದು, ಆದ್ದರಿಂದ ದೊಡ್ಡ ಎ ಬೇಕಾದರೆ ಬಲಗಡೆಯ ಶಿಫ್ಟ್. ಕ್ಯಾಪ್ಸ್ ಲಾಕ್ ಹಾಕಿ, ಒಂದು ಅಕ್ಷರ ಹೊಡೆದು, ಮತ್ತೆ ತೆಗೆಯುವ ಅಭ್ಯಾಸ ಇದ್ದರೆ ಮೊದಲ ವಾರದಲ್ಲೇ ಬಿಡಿಸಿಕೊಳ್ಳಿ. ಆಮೇಲೆ ಬಿಡಿಸುವುದು ಕಷ್ಟ.

ಅಕ್ಷರಗಳು ಯಾಕೆ ಹೀಗೆ ಅಡ್ಡಾದಿಡ್ಡಿ ಇವೆ ಅಂತ ಎಲ್ಲರಿಗೂ ಅನಿಸುತ್ತದೆ. ಈ ಜೋಡಣೆ ಬೆರಳಚ್ಚು ಯಂತ್ರದಿಂದ ಬಂದದ್ದು. ಕ್ರಿಸ್ಟೋಫರ್ ಶೋಲ್ಸ್ ಮತ್ತು ಜೊತೆಗಾರರು ರೂಪಿಸಿದ ಯಂತ್ರವನ್ನು ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರಾಟಕ್ಕೆ ತಂದಿತು. ಆ ಯಂತ್ರದೊಂದಿಗೆ ಬಂದ ಜೋಡಣೆಯೇ ಸಣ್ಣಪುಟ್ಟ ಬದಲಾವಣೆಯೊಂದಿಗೆ ಇಂದಿಗೂ ಇದೆ. ನೋಡದೆ ಹೊಡೆಯುವ ಪದ್ಧತಿಗೆ ಹೆಸರು ತಂದುಕೊಟ್ಟದ್ದು 1888ರ ಜುಲೈ 25ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ನಡೆದ ಒಂದು ಸ್ಪರ್ಧೆ. ಕೋರ್ಟಿನಲ್ಲಿ ಶೀಘ್ರಲಿಪಿಕಾರರಾಗಿದ್ದ ಫ್ರಾಂಕ್ ಮೆಕ್‌ಗರಿನ್ ಕೀಗಳತ್ತ ನೋಡದೆ ಟೈಪ್ ಮಾಡಿ, ಕೀ ನೋಡಿ ಹೊಡೆಯುತ್ತಿದ್ದ ಲೂಯಿ ಟ್ರೌಬ್ ಅವರನ್ನು ಸೋಲಿಸಿದರು. ನಮ್ಮ ಕೈ ಮೇಲಿನ ಬಟ್ಟೆ ಆ ಪಾಠವನ್ನೇ ಹೇಳುತ್ತಿತ್ತು.

ಸ್ಪೀಡ್ ಇಳಿಯುವ ವಾರಗಳು

ಇದನ್ನು ಮುಂಚೆಯೇ ತಿಳಿದುಕೊಂಡಿರಿ: ಮೊದಲೇ ಎರಡು ಬೆರಳಲ್ಲಿ ಟೈಪ್ ಮಾಡುತ್ತಿದ್ದವರ ಸ್ಪೀಡ್ ಶುರುವಿನಲ್ಲಿ ಕಡಿಮೆಯಾಗುತ್ತದೆ. ತುಂಬಾ ಕಡಿಮೆಯಾಗುತ್ತದೆ. ನಿನ್ನೆ ಸಲೀಸಾಗಿ ಹೊಡೆದ ವಾಕ್ಯಕ್ಕೆ ಇವತ್ತು ಒಂದು ನಿಮಿಷ ಬೇಕು. ಉಂಗುರದ ಬೆರಳು ಮಾತು ಕೇಳುವುದಿಲ್ಲ, ಕಿರುಬೆರಳು ಸೋತುಹೋಗುತ್ತದೆ. ಕೋರ್ಸ್ ಬಿಡುವವರು ಹೆಚ್ಚಾಗಿ ಬಿಡುವುದು ಇಲ್ಲೇ. ದಯವಿಟ್ಟು ಬಿಡಬೇಡಿ. ತರಗತಿಯ ಅಭ್ಯಾಸ ಹೊಸ ಪದ್ಧತಿಯಲ್ಲಿ, ಮನೆಯಲ್ಲಿ ಮೆಸೇಜು, ಇಮೇಲು ಹಳೇ ಪದ್ಧತಿಯಲ್ಲಿ ಅಂತ ಮಾತ್ರ ಮಾಡಬೇಡಿ. ಎರಡು ದೋಣಿಯಲ್ಲಿ ಕಾಲಿಟ್ಟ ಹಾಗಾಗುತ್ತದೆ. ನಿಧಾನವಾದರೂ ಸರಿ, ಎಲ್ಲವನ್ನೂ ಹತ್ತು ಬೆರಳಲ್ಲೇ ಹೊಡೆಯಿರಿ.

ಅಭ್ಯಾಸ ದಿನಾ ಇರಲಿ, ಚಿಕ್ಕದಿರಲಿ. ವಾರಕ್ಕೊಮ್ಮೆ ಮೂರು ಗಂಟೆ ಕೂರುವುದಕ್ಕಿಂತ ದಿನಕ್ಕೆ 20 ನಿಮಿಷ ಎರಡು ಸಲ ಕೂತರೆ ಬೆರಳಿಗೆ ಬೇಗ ಹಿಡಿಯುತ್ತದೆ. ಒಂದೇ ಲಯದಲ್ಲಿ, ಪ್ರತಿ ಕೀ ನಡುವೆ ಒಂದೇ ಅಂತರ ಇರುವಂತೆ ಹೊಡೆಯಿರಿ. ಸುಲಭದ ಪದ ಬಂದಾಗ ಓಡಿ, ಕಷ್ಟದ್ದು ಬಂದಾಗ ಎಡವಿದರೆ ತಪ್ಪು ಜಾಸ್ತಿಯಾಗುತ್ತದೆ. ತಪ್ಪಾದ ಪದಗಳನ್ನು ಒಂದು ಚೀಟಿಯಲ್ಲಿ ಬರೆದಿಡಿ. ನನ್ನ ಚೀಟಿಯಲ್ಲಿ ಮೊದಲ ತಿಂಗಳು ಬಿ ಮತ್ತು ವಿ ಇರುವ ಪದಗಳೇ ತುಂಬಿದ್ದವು. ಬಿ ಬೇಕಾದಾಗ ಎಡ ತೋರುಬೆರಳು ಪೂರ್ತಿ ಚಾಚದೆ ವಿ ಮೇಲೇ ಬೀಳುತ್ತಿತ್ತು. ಕಾರಣ ಗೊತ್ತಾದ ಮೇಲೆ ಆ ಒಂದೇ ಚಾಚು ನೂರು ಸಲ ಮಾಡಿದೆ. ನಾಲ್ಕು ದಿನದಲ್ಲಿ ಸರಿಹೋಯಿತು.

ಟೆಸ್ಟಿನ ಲೆಕ್ಕ

ಸ್ಪೀಡ್ ಟೆಸ್ಟ್ ಸಾಮಾನ್ಯವಾಗಿ 1, 3 ಅಥವಾ 5 ನಿಮಿಷದ್ದು. ಇಲ್ಲಿ ‘ಪದ’ ಅಂದರೆ ನಿಘಂಟಿನ ಪದ ಅಲ್ಲ. ಸ್ಪೇಸ್ ಕೂಡ ಸೇರಿಸಿ ಐದು ಕೀ ಹೊಡೆತ ಅಂದರೆ ಒಂದು ಪದ. 5 ನಿಮಿಷದಲ್ಲಿ 900 ಹೊಡೆತ ಆದರೆ 180 ಪದ, ಅಂದರೆ ನಿಮಿಷಕ್ಕೆ 36. ಅದರಲ್ಲಿ 10 ತಪ್ಪಿದ್ದರೆ ನಿಮಿಷಕ್ಕೆ 2 ತಪ್ಪು. ಅದನ್ನು ಕಳೆದು 34 ಅಂತ ಕೊಡುವುದು ಒಂದು ರೂಢಿ. ಕೆಲವು ಕಡೆ ಒಂದು ಮಿತಿಗಿಂತ ಜಾಸ್ತಿ ತಪ್ಪಾದರೆ ಟೆಸ್ಟನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಬ್ಯಾಕ್‌ಸ್ಪೇಸ್ ಬಳಸಲೂ ಬಿಡುವುದಿಲ್ಲ. ನಿಮ್ಮ ಕೋರ್ಸಿನ ನಿಯಮ ಏನು ಅಂತ ಮೊದಲ ವಾರವೇ ತಿಳಿದುಕೊಂಡು ಅದೇ ನಿಯಮದಲ್ಲಿ ಅಭ್ಯಾಸ ಮಾಡಿ. ತಪ್ಪು ಕಡಿಮೆಯಾದರೆ ಸ್ಪೀಡ್ ತಾನಾಗಿ ಬರುತ್ತದೆ. ತಿದ್ದುವುದಕ್ಕೆ ಹೋಗುವ ಸಮಯ ಕಮ್ಮಿಯೇನಲ್ಲ.

ದಾಖಲೆ ಕಟ್ಟುವುದು

ಕೋರ್ಸಿನ ಎರಡನೇ ಭಾಗ ಸಪ್ಪೆ ಅಂತ ಎಷ್ಟೋ ಜನ ಅನ್ನುತ್ತಾರೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಅದೇ.

ಒಂದು ಸಣ್ಣ ಪ್ರಯೋಗ ಮಾಡಿ. ನೀವು ಹಿಂದೆ ಮಾಡಿದ ಯಾವುದಾದರೂ ಬಯೋಡೇಟಾ ವರ್ಡ್‌ನಲ್ಲಿ ತೆರೆಯಿರಿ. ಕಂಟ್ರೋಲ್, ಶಿಫ್ಟ್ ಜೊತೆಗೆ 8 ಒತ್ತಿ. ಅಡಗಿದ್ದ ಗುರುತುಗಳೆಲ್ಲ ಕಾಣುತ್ತವೆ. ಸ್ಪೇಸ್ ಇದ್ದಲ್ಲಿ ಚುಕ್ಕೆ, ಟ್ಯಾಬ್ ಇದ್ದಲ್ಲಿ ಬಾಣ, ಎಂಟರ್ ಒತ್ತಿದಲ್ಲಿ ಪ್ಯಾರಾ ಗುರುತು. ನಾನು ನನ್ನದನ್ನು ತೆರೆದಾಗ ಹೆಸರಿನ ಮುಂದೆ ಚುಕ್ಕೆಗಳ ದೊಡ್ಡ ಸಾಲೇ ಇತ್ತು. ಹೆಸರನ್ನು ನಡುವಿಗೆ ತರಲು 34 ಸಲ ಸ್ಪೇಸ್ ಒತ್ತಿದ್ದೆ. ಹೊಸ ಪುಟಕ್ಕೆ ಹೋಗಲು 11 ಎಂಟರ್. ನನ್ನ ಪರದೆ ಮೇಲೆ ಎಲ್ಲ ಚೆನ್ನಾಗೇ ಕಾಣುತ್ತಿತ್ತು. ಬೇರೆ ಕಂಪ್ಯೂಟರಿನಲ್ಲಿ ಫಾಂಟ್ ಸ್ವಲ್ಪ ಬದಲಾದರೆ ಸಾಕು, ಹೆಸರು ಪಕ್ಕಕ್ಕೆ ಸರಿದು, ತಲೆಬರಹ ಪುಟದ ತುದಿಯಲ್ಲಿ ಒಂಟಿಯಾಗಿ ನಿಲ್ಲುತ್ತಿತ್ತು. ಅದೇ ಬಯೋಡೇಟಾ ನಾನು ಎಷ್ಟು ಕಡೆ ಕಳಿಸಿದ್ದೆನೋ.

ಸ್ಪೇಸ್ ಇರುವುದು ಎರಡು ಪದ ಬಿಡಿಸಲು. ಎಂಟರ್ ಇರುವುದು ಪ್ಯಾರಾ ಮುಗಿಸಲು. ಜಾಗ ಮಾಡುವುದು ಇವುಗಳ ಕೆಲಸ ಅಲ್ಲ. ಸಾಲು ನಡುವಿಗೆ ಬರಬೇಕಾದರೆ ಕಂಟ್ರೋಲ್ ಇ. ಹೊಸ ಪುಟ ಬೇಕಾದರೆ ಕಂಟ್ರೋಲ್ ಎಂಟರ್. ಪ್ಯಾರಾಗಳ ನಡುವೆ ಅಂತರ ಬೇಕಾದರೆ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ಅಂತರ ಕೊಡಿ. ಎರಡು ಕಾಲಂ ಸಮವಾಗಿ ನಿಲ್ಲಬೇಕಾದರೆ ಟ್ಯಾಬ್ ಅಥವಾ ಟೇಬಲ್. ವಾಕ್ಯ ಮುಗಿದ ಮೇಲೆ ಎರಡು ಸ್ಪೇಸ್ ಬಿಡುವ ರೂಢಿ ಬೆರಳಚ್ಚು ಯಂತ್ರದ ಕಾಲದ್ದು. ಈಗ ಒಂದೇ ಸಾಕು.

ತಲೆಬರಹಗಳಿಗೆ ಸುಮ್ನೆ ದಪ್ಪ ಅಕ್ಷರ ಹಾಕಿ ಬಿಡಬೇಡಿ. ‘ಹೆಡಿಂಗ್ 1’, ‘ಹೆಡಿಂಗ್ 2’ ಅನ್ನುವ ಸ್ಟೈಲ್ ಹಾಕಿ. ಆಗ ಇದು ತಲೆಬರಹ ಅಂತ ಸಾಫ್ಟ್‌ವೇರಿಗೂ ಗೊತ್ತಾಗುತ್ತದೆ. ನಾಳೆ ಬಣ್ಣವೋ ಅಳತೆಯೋ ಬದಲಿಸಬೇಕಾದರೆ ಸ್ಟೈಲ್ ಒಂದನ್ನು ತಿದ್ದಿದರೆ 40 ತಲೆಬರಹವೂ ಒಟ್ಟಿಗೆ ಬದಲಾಗುತ್ತವೆ. ಪರಿವಿಡಿಯನ್ನೂ ಅದೇ ತಯಾರಿಸಿಕೊಡುತ್ತದೆ. ಕಣ್ಣು ಕಾಣದವರು ಪರದೆಯ ಅಕ್ಷರ ಓದಿ ಹೇಳುವ ಸಾಫ್ಟ್‌ವೇರಿನಲ್ಲಿ ಒಂದು ತಲೆಬರಹದಿಂದ ಇನ್ನೊಂದಕ್ಕೆ ನೇರವಾಗಿ ಹೋಗುವುದೂ ಈ ಸ್ಟೈಲ್ ಇದ್ದರೆ ಮಾತ್ರ. ಬರಿಯ ದಪ್ಪ ಅಕ್ಷರ ಅವರಿಗೆ ಏನೂ ಹೇಳುವುದಿಲ್ಲ. ಈ ಒಂದು ಕಾರಣಕ್ಕಾದರೂ ಸ್ಟೈಲ್ ಕಲಿಯಿರಿ.

ಪತ್ರದ ನಮೂನೆಗಳಲ್ಲಿ ಸುಲಭದ್ದು ಬ್ಲಾಕ್. ದಿನಾಂಕ, ವಿಳಾಸ, ಸಂಬೋಧನೆ, ಒಕ್ಕಣೆ, ಸಹಿ ಎಲ್ಲವೂ ಎಡ ಅಂಚಿನಿಂದಲೇ ಶುರು. ಮಾಡಿಫೈಡ್ ಬ್ಲಾಕ್‌ನಲ್ಲಿ ದಿನಾಂಕ ಮತ್ತು ಕೊನೆಯ ಭಾಗ ಪುಟದ ನಡುವಿನಿಂದ ಶುರುವಾಗುತ್ತವೆ. ಅಲ್ಲಿಯೂ ಸ್ಪೇಸ್ ಒತ್ತಬೇಡಿ, ನಡುವಿನಲ್ಲಿ ಒಂದು ಟ್ಯಾಬ್ ಇಟ್ಟುಕೊಳ್ಳಿ. ಮೆಮೊ ಇನ್ನೂ ಚಿಕ್ಕದು: ಯಾರಿಗೆ, ಯಾರಿಂದ, ದಿನಾಂಕ, ವಿಷಯ, ಆಮೇಲೆ ಹೇಳಬೇಕಾದ ಮಾತು.

ಮೇಲ್ ಮರ್ಜ್ ಬಂದಾಗ ಹೆದರಬೇಡಿ. ಒಂದು ಪತ್ರ, ಒಂದು ಪಟ್ಟಿ, ಅಷ್ಟೇ. ಪತ್ರದಲ್ಲಿ ಹೆಸರು ಬರುವ ಜಾಗದಲ್ಲಿ ಹೆಸರಿನ ಫೀಲ್ಡ್ ಇಡುತ್ತೀರಿ, ಸಾಫ್ಟ್‌ವೇರ್ ಪಟ್ಟಿಯಿಂದ ಒಂದೊಂದೇ ಹೆಸರು ತೆಗೆದು ತುಂಬುತ್ತದೆ. ಹುಷಾರಾಗಿರಬೇಕಾದ್ದು ಫೀಲ್ಡಿನ ಆಚೀಚೆ. ನಾನು ಸಂಬೋಧನೆಯ ಪದಕ್ಕೂ ಹೆಸರಿನ ಫೀಲ್ಡಿಗೂ ನಡುವೆ ಸ್ಪೇಸ್ ಬಿಟ್ಟಿರಲಿಲ್ಲ. 60 ಪತ್ರ, ಅರವತ್ತರಲ್ಲೂ ಹೆಸರು ಹಿಂದಿನ ಪದಕ್ಕೆ ಅಂಟಿಕೊಂಡಿತ್ತು. ಮುದ್ರಣಕ್ಕೆ ಕೊಡುವ ಮುಂಚೆ ಪ್ರಿವ್ಯೂನಲ್ಲಿ ಎರಡು ಪತ್ರ ನೋಡಿದ್ದರೆ ಕಾಗದ ಉಳಿಯುತ್ತಿತ್ತು. ಪಟ್ಟಿಯಲ್ಲಿ ಅತಿ ಉದ್ದದ ಹೆಸರು ಯಾವುದೋ ಅದರ ಪತ್ರವನ್ನೂ ತೆರೆದು ನೋಡಿ. ಸಾಲು ಒಡೆಯುವುದಿದ್ದರೆ ಅಲ್ಲೇ ಒಡೆಯುತ್ತದೆ.

ಒಪ್ಪಿಸುವ ಮುಂಚೆ

ಪುಟದ ಅಳತೆ ನೋಡಿ. ಎ4 ಅಂದರೆ 210 ಗುಣಿಲೆ 297 ಮಿಲಿಮೀಟರ್. ಸಾಫ್ಟ್‌ವೇರಿನಲ್ಲಿ ‘ಲೆಟರ್’ ಅನ್ನುವ ಅಮೆರಿಕದ ಕಾಗದದ ಅಳತೆ ಇದ್ದು, ಕಾಗದ ಎ4 ಆಗಿದ್ದರೆ ಅಂಚುಗಳು ಹೆಚ್ಚುಕಮ್ಮಿಯಾಗುತ್ತವೆ. ಅಡಗಿದ ಗುರುತುಗಳನ್ನು ಇನ್ನೊಮ್ಮೆ ತೋರಿಸಿಕೊಂಡು ಬೇಡದ ಚುಕ್ಕೆಗಳನ್ನು ತೆಗೆಯಿರಿ. ಸ್ಪೆಲ್ ಚೆಕ್ ಮಾಡಿ, ಆದರೆ ಅದನ್ನೇ ನಂಬಬೇಡಿ. ಕಾಗುಣಿತ ಸರಿ ಇದ್ದು ಪದವೇ ಬೇರೆ ಆಗಿದ್ದರೆ ಅದು ಎಷ್ಟೋ ಸಲ ಸುಮ್ಮನೆ ಬಿಟ್ಟುಬಿಡುತ್ತದೆ. ಹೆಸರು, ದಿನಾಂಕ, ಅಂಕಿಗಳನ್ನು ಮೂಲದ ಜೊತೆ ಒಂದೊಂದಾಗಿ ಬೆರಳಿಟ್ಟು ತಾಳೆ ನೋಡಿ. ಒಬ್ಬರು ಜೋರಾಗಿ ಓದಿ, ಇನ್ನೊಬ್ಬರು ನೋಡಿದರೆ ಇನ್ನೂ ಒಳ್ಳೆಯದು. ನಮ್ಮ ತರಗತಿಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ ಮತ್ತು ನಾನು ಕೊನೆಯ ಪರೀಕ್ಷೆಯವರೆಗೂ ಹಾಗೇ ಮಾಡಿದೆವು. ಅವಳು ಓದುವಾಗ ‘ಕಾಮಾ’, ‘ಫುಲ್‌ಸ್ಟಾಪ್’ ಅಂತ ಚಿಹ್ನೆಗಳನ್ನೂ ಬಾಯಲ್ಲಿ ಹೇಳುತ್ತಿದ್ದಳು. ನನ್ನ ವರದಿಯ ಟೇಬಲಿನಲ್ಲಿ 1,250 ಇರಬೇಕಾದ ಕಡೆ 1,520 ಬಿದ್ದಿದ್ದು ಸಿಕ್ಕಿದ್ದು ಅವಳು ಅಂಕಿಗಳನ್ನು ಒಂದೊಂದಾಗಿ ಓದಿದಾಗಲೇ.