ಮಳೆಗಾಲದ ತೋಟಕ್ಕೆ ಒಗ್ಗುವ ಫಿಲ್ಮ್

ಫಿಲ್ಮ್ ಕ್ಯಾಮೆರಾ ಹಿಡಿದ ಮೊದಲ ವರ್ಷಗಳಲ್ಲಿ, ಕೊಡಗಿನ ಹಸಿರನ್ನು ಕಪ್ಪು ಬಿಳುಪಿನಲ್ಲಿ ತೆಗೆಯುವುದು ದಂಡವೆಂದೇ ಭಾವಿಸಿ, ಜುಲೈ ತಿಂಗಳಲ್ಲೂ ಕೊಡಕ್ ಗೋಲ್ಡ್ 200 ಎಂಬ ಬಣ್ಣದ ರೋಲನ್ನೇ ತೋಟಕ್ಕೆ ಒಯ್ಯುತ್ತಿದ್ದೆ. ಸಿಲ್ವರ್ ಓಕ್ ಮರಗಳ ಕೆಳಗೆ ಬೆಳಕು ಎಷ್ಟು ಕಡಿಮೆಯೆಂಬುದು ಕಣ್ಣಿಗೆ ತಿಳಿಯುವುದಿಲ್ಲ. ನೆಗೆಟಿವ್ ತೊಳೆದು ಬಂದಾಗ ಕಾಫಿ ಗಿಡಗಳೆಲ್ಲ ಕೆಸರು ಬಣ್ಣದ ಮುದ್ದೆಯಾಗಿದ್ದವು.

ಈಗ ಮಳೆಗಾಲಕ್ಕೆ ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಎಂಬ ಕಪ್ಪು ಬಿಳುಪು ಫಿಲ್ಮ್ ಬಳಸುತ್ತೇನೆ. ಅದರ ವೇಗ (ಬೆಳಕಿಗೆ ಸ್ಪಂದಿಸುವ ಶಕ್ತಿ) 400 ಆದರೂ, ಬೆಳಕಳೆಯುವ ಮೀಟರನ್ನು 1600ಕ್ಕೆ ಇಟ್ಟು ಇಡೀ ರೋಲನ್ನು ಹಾಗೆಯೇ ತೆಗೆದು, ಎರಡು ಸ್ಟಾಪ್ ಪುಶ್ ಮಾಡಬೇಕೆಂದು (ಅಂದರೆ ನಾಲ್ಕು ಪಟ್ಟು ಕಡಿಮೆ ಬಿದ್ದ ಬೆಳಕನ್ನು ತೊಳೆಯುವಾಗ ಸರಿದೂಗಿಸಬೇಕೆಂದು) ಲ್ಯಾಬಿನವರಿಗೆ ಡಬ್ಬಿಯ ಮೇಲೆ ಬರೆದುಕೊಟ್ಟರೆ, ಅವರು ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಇಡುತ್ತಾರೆ. ನೆರಳಿನ ವಿವರ ಕೊಂಚ ಕಳೆದು ಗ್ರೇನ್, ಅಂದರೆ ಚಿತ್ರದಲ್ಲಿ ಕಾಣುವ ಕಣಗಳು, ಒರಟಾಗುತ್ತದೆ ನಿಜ, ಆದರೆ ಒದ್ದೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿಗೆ ಆ ಒರಟುತನವೇ ಒಪ್ಪುತ್ತದೆ (ಮನೆಯವರು ಮಾತ್ರ ಇನ್ನೂ ಒಪ್ಪಿಲ್ಲ). ಬೇಸಿಗೆಯಲ್ಲಿ ಹೂಮಳೆ ಬಿದ್ದು ಕಾಫಿ ಅರಳಿದಾಗ ಮಾತ್ರ ಬಣ್ಣಕ್ಕೆ ಮರಳುತ್ತೇನೆ.

ಫ್ರಿಜ್ಜಿನಿಂದ ತೆಗೆದ ರೋಲಿನ ಡಬ್ಬಿಯನ್ನು ಎರಡು ಗಂಟೆಯಾದರೂ ತೆರೆಯಬೇಡಿ. ನಮ್ಮ ತೇವ ತುಂಬಿದ ಗಾಳಿ ತಗುಲಿದೊಡನೆ ತಣ್ಣಗಿರುವ ಫಿಲ್ಮಿನ ಮೇಲೆ ನೀರು ಹನಿಗಟ್ಟುತ್ತದೆ. ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟರೆ ಬೂಸ್ಟು ಖಂಡಿತ. ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಯಲ್ಲಿಡಿ.