ಮೇಜಿನ ಕಂಪ್ಯೂಟರಿಗೆ ಡ್ಯಾಕ್ ಮತ್ತು ಹೆಡ್‌ಫೋನ್ ಆಂಪ್: ನಾನು ಆರಿಸಿಕೊಂಡ ಬಗೆ

ಆಡಿಯೊ ಪುಸ್ತಕಗಳ ಧ್ವನಿಮುದ್ರಣವನ್ನು ತಿದ್ದುವುದು, ಹಳೆಯ ಕ್ಯಾಸೆಟ್‌ಗಳಲ್ಲಿರುವ ಸಂಗೀತ ಕಛೇರಿಗಳನ್ನು ಕಂಪ್ಯೂಟರಿಗೆ ಇಳಿಸಿ ಶುಚಿಗೊಳಿಸುವುದು ನನ್ನ ಕೆಲಸ. ಈ ಕೆಲಸದಲ್ಲಿ ಕಿವಿಗೆ ಬೀಳುವ ಪ್ರತಿಯೊಂದು ಸಣ್ಣ ಸದ್ದೂ ಒಂದೇ ಪ್ರಶ್ನೆಯನ್ನು ಎಬ್ಬಿಸುತ್ತದೆ: ಇದು ಮುದ್ರಣದಲ್ಲೇ ಇದೆಯೋ, ನನ್ನ ಕಂಪ್ಯೂಟರು ಸೇರಿಸುತ್ತಿದೆಯೋ? ಮದರ್‌ಬೋರ್ಡಿನಲ್ಲೇ ಇರುವ ಆಡಿಯೊ ಸಾಕೆಟ್ಟಿನಿಂದ ಕೇಳುತ್ತಿರುವವರೆಗೆ ಇದಕ್ಕೆ ಖಚಿತವಾದ ಉತ್ತರ ಸಿಗುವಂತಿರಲಿಲ್ಲ. ಕ್ಯಾಬಿನೆಟ್ಟಿನ ಮುಂಭಾಗದ ಸಾಕೆಟ್ಟಿಗೆ ಹೆಡ್‌ಫೋನ್ ಸಿಕ್ಕಿಸಿದರೆ ಮೌಸ್ ಸರಿಸಿದಾಗಲೆಲ್ಲ ಕಿರಿಕಿರಿ ಎಂಬ ದನಿ ಕೇಳುತ್ತಿತ್ತು. ಗ್ರಾಫಿಕ್ಸ್ ಕಾರ್ಡಿನ ಮೇಲೆ ಹೊರೆ ಬಿದ್ದಂತೆ ಅದರ ಶ್ರುತಿ ಏರುತ್ತಲೂ ಇತ್ತು. ಆ ಸಾಕೆಟ್ಟಿಗೆ ಹೋಗುವ ತೆಳುವಾದ ತಂತಿಯು ಕ್ಯಾಬಿನೆಟ್ಟಿನ ಒಳಗೆಲ್ಲ ಹಾದು, ದಾರಿಯಲ್ಲಿ ಸಿಕ್ಕ ವಿದ್ಯುತ್ ಗದ್ದಲವನ್ನೆಲ್ಲ ಹೊತ್ತು ತರುವುದರಿಂದ ಹೀಗಾಗುತ್ತದೆ. ಹಿಂಭಾಗದ ಸಾಕೆಟ್ಟು ಇದಕ್ಕಿಂತ ಮೇಲು, ಆದರೂ ಪೂರ್ತಿ ನಿಶ್ಶಬ್ದವಲ್ಲ.

ಆದ್ದರಿಂದ ಡಿಜಿಟಲ್ ಸಂಕೇತವನ್ನು ವಿದ್ಯುತ್ ಅಲೆಯಾಗಿ ಬದಲಿಸುವ ಡ್ಯಾಕ್ ಮತ್ತು ಆ ಅಲೆಗೆ ಬಲ ಕೊಡುವ ಆಂಪ್ ಎರಡನ್ನೂ ಕಂಪ್ಯೂಟರಿನ ಹೊರಗೆ ಇಡಬೇಕೆಂದು ನಿಶ್ಚಯಿಸಿದೆ. ಯಾವುದನ್ನು ಕೊಳ್ಳಬೇಕೆಂಬುದನ್ನು ಹೆಡ್‌ಫೋನಿನ ಕಡೆಯಿಂದಲೇ ಲೆಕ್ಕ ಹಾಕಿಕೊಂಡು ಬರಬೇಕು ಎನ್ನುವುದು ನನ್ನ ಅಭಿಪ್ರಾಯ. ನನ್ನ ಬಳಿ ಇರುವುದು ಎರಡು: 300 ಓಮ್‌ನ ಸೆನ್‌ಹೈಸರ್ ಎಚ್‌ಡಿ 650 ಮತ್ತು 38 ಓಮ್‌ನ ಆಡಿಯೊ-ಟೆಕ್ನಿಕಾ ಎಂ50ಎಕ್ಸ್. ವಿದ್ಯುತ್ತಿಗೆ ಹೆಡ್‌ಫೋನ್ ಒಡ್ಡುವ ತಡೆಯನ್ನು (ಇಂಪೀಡೆನ್ಸ್) ಹೇಳುವ ಓಮ್ ಸಂಖ್ಯೆಯೊಂದನ್ನೇ ನೋಡಿ ‘ಇದಕ್ಕೆ ದೊಡ್ಡ ಆಂಪ್ ಬೇಕು’ ಎಂದು ತೀರ್ಮಾನಿಸುವವರು ಬಹಳ. ಸೆನ್ಸಿಟಿವಿಟಿಯನ್ನು, ಅಂದರೆ ಕೊಟ್ಟ ವಿದ್ಯುತ್ತಿಗೆ ಹೆಡ್‌ಫೋನ್ ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದನ್ನು ಕೂಡ ಸೇರಿಸಿಕೊಳ್ಳದೆ ಆ ಸಂಖ್ಯೆಯಿಂದ ಏನೂ ತಿಳಿಯುವುದಿಲ್ಲ.

ಸೆನ್ಸಿಟಿವಿಟಿಯನ್ನು ಓದುವಲ್ಲಿ ಒಂದು ತೊಡಕಿದೆ. ಕೆಲವು ಕಂಪನಿಗಳು ಅದನ್ನು ಒಂದು ವೋಲ್ಟಿಗೆ ಇಷ್ಟು ಡೆಸಿಬಲ್ ಎಂದು ಕೊಡುತ್ತವೆ, ಉಳಿದವು ಒಂದು ಮಿಲಿವ್ಯಾಟಿಗೆ ಇಷ್ಟು ಎಂದು ಕೊಡುತ್ತವೆ. ಎಚ್‌ಡಿ 650ರ 103 ಡೆಸಿಬಲ್ ಒಂದು ವೋಲ್ಟಿನ ಲೆಕ್ಕ. 80 ಓಮ್‌ನ ಬೇಯರ್‌ಡೈನಾಮಿಕ್ ಡಿಟಿ 770ರ 96 ಡೆಸಿಬಲ್ ಒಂದು ಮಿಲಿವ್ಯಾಟಿನ ಲೆಕ್ಕ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಮೊದಲನೆಯದೇ ಜೋರಾಗಿ ನುಡಿಯುತ್ತದೆ ಅನ್ನಿಸುವುದು ಸಹಜ. ಆದರೆ 80 ಓಮ್‌ಗೆ ಒಂದು ವೋಲ್ಟ್ ಕೊಟ್ಟರೆ 12.5 ಮಿಲಿವ್ಯಾಟ್ ಹರಿಯುತ್ತದೆ, ಅಂದರೆ 11 ಡೆಸಿಬಲ್ ಹೆಚ್ಚು. ಹಾಗಾಗಿ ಅದೇ ಒಂದು ವೋಲ್ಟಿಗೆ ಡಿಟಿ 770 ಕೊಡುವುದು 107 ಡೆಸಿಬಲ್.

ನಾನು ದಿನವೂ ಕೇಳುವುದು ಸರಾಸರಿ 75 ಡೆಸಿಬಲ್ ಆಸುಪಾಸಿನಲ್ಲಿ. ವಯಸ್ಕರು ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬಲ್ ಮೀರಬಾರದು ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು, ಇದೇ ವೃತ್ತಿಯಲ್ಲಿರುವ ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಸಂಗೀತದಲ್ಲಿ ಕ್ಷಣಿಕವಾದ ಏರುಗಳು ಸರಾಸರಿಗಿಂತ 20 ಡೆಸಿಬಲ್ ಮೇಲಕ್ಕೆ ಹೋಗಬಹುದು. ತಗ್ಗಿದ ಮಟ್ಟದಲ್ಲಿ ಮುದ್ರಿಸಿದ ಹಳೆಯ ಕ್ಯಾಸೆಟ್‌ಗಳಿಗೆಂದು ಇನ್ನಷ್ಟು ಸೇರಿಸಿ 110 ಡೆಸಿಬಲ್ ಗುರಿ ಇಟ್ಟುಕೊಂಡೆ. ಎಚ್‌ಡಿ 650 ಅಷ್ಟನ್ನು ಮುಟ್ಟಲು ಬೇಕಾದದ್ದು 2.24 ವೋಲ್ಟ್, ಸುಮಾರು 17 ಮಿಲಿವ್ಯಾಟ್. ಎಂ50ಎಕ್ಸ್‌ಗೆ 0.7 ವೋಲ್ಟ್ ಸಾಕು. ‘2 ವ್ಯಾಟ್ ಶಕ್ತಿ’ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ಆಂಪ್‌ಗಳನ್ನು ಈ 17 ಮಿಲಿವ್ಯಾಟಿನ ಪಕ್ಕ ಇಟ್ಟು ನೋಡಿದಾಗ, ಜಾಹೀರಾತು ಯಾರಿಗಾಗಿ ಬರೆದದ್ದು ಎಂಬ ಅನುಮಾನ ಬರದೆ ಇರದು. ಡ್ಯಾಕ್, ಆಂಪ್ ಎರಡೂ ಒಳಗೇ ಇರುವ ಆ್ಯಪಲ್ ಕಂಪನಿಯ ಪುಟ್ಟ ಯುಎಸ್‌ಬಿ-ಸಿ ಡಾಂಗಲ್ ಒಂದು ವೋಲ್ಟ್ ಕೊಡುತ್ತದೆ; ಯುರೋಪಿನಲ್ಲಿ ಮಾರುವ ಮಾದರಿ ಅದರ ಅರ್ಧದಷ್ಟು ಮಾತ್ರ. ಎಂ50ಎಕ್ಸ್ ಒಂದನ್ನೇ ಬಳಸುವವರು ಒಂದು ವೋಲ್ಟಿನ ಡಾಂಗಲ್ ಕೊಂಡು, ಉಳಿದ ಹಣವನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಬಹುದು. ನನಗೆ ಅದು ಸಾಲದು. ತಗ್ಗಿದ ಮುದ್ರಣವನ್ನು ತಂತ್ರಾಂಶದಲ್ಲೇ ಜೋರು ಮಾಡಬಹುದು ಎನ್ನುವುದು ನಿಜವಾದರೂ, ಪ್ರತಿ ಕಡತಕ್ಕೂ ಹಾಗೆ ಮಾಡಿ ಮತ್ತೆ ಇಳಿಸುವುದು ತಲೆನೋವಿನ ಕೆಲಸ.

ಎರಡನೆಯ ಲೆಕ್ಕ ಆಂಪಿನ ಔಟ್‌ಪುಟ್ ಇಂಪೀಡೆನ್ಸ್‌ನದು, ಅಂದರೆ ಆಂಪಿನ ಹೊರದಾರಿಯಲ್ಲೇ ಇರುವ ತಡೆಯದು. ಹೆಡ್‌ಫೋನಿನ ಇಂಪೀಡೆನ್ಸಿನ ಎಂಟನೇ ಒಂದು ಭಾಗಕ್ಕಿಂತ ಅದು ಕಡಿಮೆ ಇರಬೇಕು ಎಂಬುದು ರೂಢಿಯಲ್ಲಿರುವ ಸೂತ್ರ. ಮದರ್‌ಬೋರ್ಡಿನ ಹಿಂಭಾಗದ ಸಾಕೆಟ್ಟಿನಲ್ಲಿ ಎಷ್ಟಿದೆ ಎಂದು ಅದರ ಕೈಪಿಡಿಯಲ್ಲಿ ಇರಲಿಲ್ಲ, ಹಾಗಾಗಿ ಅಳೆದೇ ನೋಡಿದೆ. 100 ಹರ್ಟ್ಸ್‌ನ ಶುದ್ಧ ಸ್ವರವನ್ನು ನುಡಿಸಿ ಮೊದಲು ಖಾಲಿ ಸಾಕೆಟ್ಟಿನ ವೋಲ್ಟೇಜನ್ನು, ಬಳಿಕ 100 ಓಮ್‌ನ ರೆಸಿಸ್ಟರ್ ಒಂದನ್ನು ಜೋಡಿಸಿ ವೋಲ್ಟೇಜನ್ನು ಅಳೆಯಬೇಕು. ಎಷ್ಟು ಇಳಿಯಿತೋ ಅದನ್ನು ಇಳಿದ ನಂತರದ ವೋಲ್ಟೇಜಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಉತ್ತರ ಸಿಗುತ್ತದೆ. ನನಗೆ ಸಿಕ್ಕಿದ್ದು 75 ಓಮ್ ಆಸುಪಾಸು. ಎಚ್‌ಡಿ 650ರ ಇಂಪೀಡೆನ್ಸ್ ಎಲ್ಲ ಸ್ವರಗಳಿಗೂ 300 ಇರುವುದಿಲ್ಲ. ತಗ್ಗಿನ ಸ್ವರಗಳಲ್ಲಿ, 100 ಹರ್ಟ್ಸ್‌ನ ಹತ್ತಿರ, ಸುಮಾರು 500ಕ್ಕೆ ಏರುತ್ತದೆ. 75 ಓಮ್‌ನ ಮೂಲದಿಂದ ನುಡಿಸಿದಾಗ ಆ ಭಾಗವೊಂದೇ ಸುಮಾರು 0.7 ಡೆಸಿಬಲ್ ಉಬ್ಬುತ್ತದೆ. ಕೇಳಿ ಖುಷಿಪಡುವವರಿಗೆ ಇದು ದೊಡ್ಡ ಸಂಗತಿಯಲ್ಲ, ಬಹುಶಃ ಹಿತವೂ ಆಗಬಹುದು. ಪುಸ್ತಕ ಓದಿ ಮುದ್ರಿಸಿದವರ ಕಂಠದ ಕೆಳಸ್ವರವನ್ನು ತಿದ್ದಲು ಕೂತವನಿಗೆ ಅದು ಬೇಡ.

ಅಳತೆಗೆ ಬಳಸುವ ಮಲ್ಟಿಮೀಟರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲ್ಲೆಡೆ ಸಿಗುವ ಹಳದಿ ಬಣ್ಣದ ಅಗ್ಗದ ಮೀಟರಿನಲ್ಲಿ ಎ.ಸಿ. ವೋಲ್ಟೇಜಿನ ಕನಿಷ್ಠ ರೇಂಜೇ 200 ವೋಲ್ಟ್. ಒಂದು ವೋಲ್ಟನ್ನು ಅದರಲ್ಲಿ ಅಳೆಯುವುದು ವ್ಯರ್ಥ. ಎ.ಸಿ.ಯಲ್ಲಿ 2 ವೋಲ್ಟಿನ ರೇಂಜ್ ಇರುವುದನ್ನೇ ಕೇಳಿ ಕೊಳ್ಳಬೇಕು. ಸಾಧಾರಣ ಮೀಟರುಗಳು ಕೆಲವು ನೂರು ಹರ್ಟ್ಸ್ ದಾಟಿದ ಮೇಲೆ ತಪ್ಪು ತೋರಿಸತೊಡಗುತ್ತವೆ. ನಾನು 100 ಹರ್ಟ್ಸ್ ಆರಿಸಿಕೊಂಡದ್ದು ಅದಕ್ಕೇ.

ಡ್ಯಾಕ್ ವಿಚಾರದಲ್ಲಿ ನಾನು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಸಿ.ಡಿ.ಯ 16 ಬಿಟ್ ಮುದ್ರಣವೇ ಅತಿ ಮೆಲ್ಲನೆಯ ಸದ್ದಿನಿಂದ ಅತಿ ಜೋರಿನ ಸದ್ದಿನವರೆಗೆ ಸುಮಾರು 96 ಡೆಸಿಬಲ್‌ಗಳ ಹರವನ್ನು ಕೊಡುತ್ತದೆ. ಆಡಿಯೊ ಪುಸ್ತಕಗಳನ್ನು ಪ್ರಕಟಿಸುವ ತಾಣವಾದ ಎಸಿಎಕ್ಸ್ ಕೇಳುವ ನಿಶ್ಶಬ್ದತೆಯ ಮಟ್ಟ −60 ಡೆಸಿಬಲ್; ಕ್ಯಾಸೆಟ್ ಟೇಪಿನ ಸುಯ್ ಎಂಬ ಸದ್ದಂತೂ ಯಾರೂ ಹುಡುಕಬೇಕಾಗಿಲ್ಲ. ಇಂಥ ಮುದ್ರಣಗಳನ್ನು ಕೇಳಲು 110 ಡೆಸಿಬಲ್ ಹರವಿರುವ ಡ್ಯಾಕ್ ಬೇಕಾದಷ್ಟಾಯಿತು. 32 ಬಿಟ್, 768 ಕಿಲೋಹರ್ಟ್ಸ್ ಎಂಬ ಸಂಖ್ಯೆಗಳಿಗೆ ಹಣ ಕೊಡುವುದರಲ್ಲಿ ಅರ್ಥ ಕಾಣಲಿಲ್ಲ.

ಆದರೂ ಕೇಳಿ ನೋಡದೆ ಹೀಗೆ ಹೇಳುವುದು ಸರಿಯಲ್ಲ. ಸ್ನೇಹಿತರೊಬ್ಬರಿಂದ ಜೆಡಿಎಸ್ ಲ್ಯಾಬ್ಸ್ ಆಟಮ್ ಆಂಪನ್ನು ಎರವಲು ತಂದು, ಅದರ ಮುಂದೆ ಎರಡು ಮೂಲಗಳಲ್ಲಿ ಒಂದನ್ನು ಆರಿಸುವ ಆರ್‌ಸಿಎ ಸ್ವಿಚ್ ಡಬ್ಬಿಯೊಂದನ್ನು ಇಟ್ಟು, ಒಂದು ಬದಿಗೆ ಆ್ಯಪಲ್ ಡಾಂಗಲ್ಲನ್ನೂ ಇನ್ನೊಂದು ಬದಿಗೆ ಡ್ಯಾಕ್, ಆಂಪ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ, ನಾನು ಕೊಳ್ಳಲು ಯೋಚಿಸಿದ್ದ ಟಾಪಿಂಗ್ ಡಿಎಕ್ಸ್3 ಪ್ರೊ ಪ್ಲಸ್‌ನ ಲೈನ್ ಔಟನ್ನೂ (ಬೇರೆ ಆಂಪ್ ಅಥವಾ ಸ್ಪೀಕರಿಗೆ ಸಂಕೇತ ಕೊಡುವ ಸಾಕೆಟ್ಟು) ಜೋಡಿಸಿದೆ. ಡಾಂಗಲ್ ಒಂದು ವೋಲ್ಟ್, ಟಾಪಿಂಗ್ ಸುಮಾರು ಎರಡು ವೋಲ್ಟ್. ಹಾಗೆಯೇ ಕೇಳಿದರೆ ಎರಡನೆಯದು 6 ಡೆಸಿಬಲ್ ಜೋರು, ಜೋರಾದದ್ದು ಕಿವಿಗೆ ಯಾವಾಗಲೂ ಹೆಚ್ಚು ಸ್ಪಷ್ಟ, ಹೆಚ್ಚು ತುಂಬು ಎನ್ನಿಸುತ್ತದೆ. ‘ಡ್ಯಾಕ್ ಬದಲಿಸಿದ ಮೇಲೆ ಪರದೆ ಸರಿದಂತಾಯಿತು’ ಎಂಬ ವರ್ಣನೆಗಳಲ್ಲಿ ಹೆಚ್ಚಿನವುಗಳ ಮೂಲ ಇಲ್ಲೇ ಇದೆ ಎಂದು ನನಗೆ ಅನುಮಾನ. ಮೀಟರಿನಲ್ಲಿ ನೋಡುತ್ತ ಎರಡರ ವ್ಯತ್ಯಾಸವನ್ನು ಶೇ. 2ರೊಳಗೆ ತಂದುಕೊಂಡು, ಸ್ವಿಚ್ಚಿಗೆ ಬೆನ್ನು ಹಾಕಿ ಕೂತೆ. ಸ್ವಿಚ್ ತಿರುಗಿಸುತ್ತಿದ್ದ ಸೋದರಳಿಯ “ಮಾವ, ಈಗ ಯಾವುದು ಹೇಳಿ” ಎಂದು ಕೇಳಿದಾಗಲೆಲ್ಲ ನಾನು ಕೊಟ್ಟ ಉತ್ತರಗಳು ನಾಣ್ಯ ಚಿಮ್ಮಿ ಹೇಳಿದವುಗಳಿಗಿಂತ ಮೇಲಾಗಿರಲಿಲ್ಲ. ತಂಬೂರಿಯೊಂದೇ ನುಡಿಯುವ ಕಛೇರಿಯ ಆರಂಭದ ಭಾಗದಲ್ಲೂ ಅಷ್ಟೇ. ಕ್ಯಾಬಿನೆಟ್ಟಿನ ಮುಂಭಾಗದ ಸಾಕೆಟ್ಟನ್ನು ಮಾತ್ರ ಪ್ರತಿ ಸಲವೂ ಕೂಡಲೇ ಗುರುತಿಸಿದೆ.

ಕೊನೆಗೆ ಟಾಪಿಂಗ್ ಪೆಟ್ಟಿಗೆಯನ್ನೇ ಉಳಿಸಿಕೊಂಡೆ. ಡ್ಯಾಕ್ ಚಿಪ್ಪಿನ ಕಾರಣಕ್ಕಲ್ಲ. ಎಚ್‌ಡಿ 650ಕ್ಕೆ ಬೇಕಾದ ವೋಲ್ಟೇಜು ಧಾರಾಳವಾಗಿದೆ, ಔಟ್‌ಪುಟ್ ಇಂಪೀಡೆನ್ಸ್ ಒಂದು ಓಮಿಗಿಂತ ಬಹಳ ಕೆಳಗಿದೆ, ಗೇನ್ (ಸಂಕೇತವನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು) ಎರಡು ಹಂತದಲ್ಲಿದೆ, ಸ್ಪೀಕರುಗಳಿಗೆ ಲೈನ್ ಔಟ್ ಇದೆ, ಆಪ್ಟಿಕಲ್ ಇನ್‌ಪುಟ್ ಇದೆ. ಆಟಮ್ ಆಂಪ್ ಕೂಡ ಒಳ್ಳೆಯದೇ, ಆದರೆ ಅದಕ್ಕೆ ಪ್ರತ್ಯೇಕ ಡ್ಯಾಕ್ ಬೇಕು. ಮೇಲಾಗಿ ಅದರ ಅಡಾಪ್ಟರು ಟ್ರಾನ್ಸ್‌ಫಾರ್ಮರ್ ಇರುವ, ಎ.ಸಿ.ಯನ್ನೇ ಹೊರಬಿಡುವ ಬಗೆಯದು. ಅಮೆರಿಕದಿಂದ ಯಾರಾದರೂ ತಂದುಕೊಡುವುದಾದರೆ 230 ವೋಲ್ಟಿನ ಅಡಾಪ್ಟರನ್ನೇ ಕೇಳಿ ತರಿಸಬೇಕು, ಅಲ್ಲಿನ 120 ವೋಲ್ಟಿನದು ನಮ್ಮ ಗೋಡೆಯ ಸಾಕೆಟ್ಟಿನಲ್ಲಿ ಸುಟ್ಟುಹೋಗುತ್ತದೆ.

ಆಪ್ಟಿಕಲ್ ಇನ್‌ಪುಟ್ಟಿನ ಬೆಲೆ ತಿಳಿದದ್ದು ಸ್ಪೀಕರುಗಳನ್ನು ಜೋಡಿಸಿದ ಮೇಲೆ. ಕಂಪ್ಯೂಟರಿಗೂ ಮೂರು ಪಿನ್ನಿನ ಪ್ಲಗ್, ಸ್ಪೀಕರಿಗೂ ಮೂರು ಪಿನ್ನಿನ ಪ್ಲಗ್. ಎರಡೂ ಅರ್ಥಿಂಗ್‌ಗೆ ಸೇರಿವೆ, ನಡುವೆ ಯುಎಸ್‌ಬಿ ಮತ್ತು ಆರ್‌ಸಿಎ ಕೇಬಲ್ಲುಗಳ ಮೂಲಕ ಇನ್ನೊಂದು ಸಂಪರ್ಕ. ಈ ಸುತ್ತಿನಲ್ಲಿ 50 ಹರ್ಟ್ಸ್‌ನ ಗುಂಯ್‌ಗುಡುವಿಕೆ ಶುರುವಾಗುತ್ತದೆ. ಹೆಡ್‌ಫೋನಿಗೆ ಅರ್ಥಿಂಗ್ ಇಲ್ಲವಾದ್ದರಿಂದ ಅದರಲ್ಲಿ ಕೇಳಿಸದು. ಅರ್ಥ್ ಪಿನ್ನನ್ನು ಕಿತ್ತರೆ ಸದ್ದು ಹೋಗುತ್ತದೆ ಎಂದು ಸಲಹೆ ಕೊಡುವವರಿದ್ದಾರೆ. ಜೀವಕ್ಕೆ ಅಪಾಯವಾದ ಆ ಕೆಲಸವನ್ನು ಯಾರೂ ಮಾಡಬಾರದು. ವಿದ್ಯುತ್ ಸಂಪರ್ಕ ತಪ್ಪಿಸಿ ಮಾಹಿತಿಯನ್ನು ಮಾತ್ರ ದಾಟಿಸುವ, ಎಡಿಯುಎಂ4160 ಚಿಪ್ಪಿರುವ ಯುಎಸ್‌ಬಿ ಐಸೊಲೇಟರೂ ಒಂದು ದಾರಿ, ಆದರೆ ಅದರ ವೇಗ 12 ಮೆಗಾಬಿಟ್‌ಗೆ ಸೀಮಿತವಾದ್ದರಿಂದ ಎಲ್ಲ ಡ್ಯಾಕ್‌ಗಳೂ ಅದರ ಹಿಂದೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಮದರ್‌ಬೋರ್ಡಿನಲ್ಲೇ ಆಪ್ಟಿಕಲ್ ಔಟ್ ಇದ್ದುದರಿಂದ ಬೆಳಕು ಸಾಗುವ ಆ ಕೇಬಲ್ಲನ್ನು ಹಾಕಿ ಯುಎಸ್‌ಬಿ ಕಿತ್ತೆ. ಸದ್ದು ನಿಂತಿತು.

ಹೊಂದಿಸಿಕೊಳ್ಳಬೇಕಾದ ಸಂಗತಿಗಳು ಕೆಲವೇ. ವಿಂಡೋಸ್‌ನಲ್ಲಿ ಸ್ಯಾಂಪಲ್ ದರವನ್ನು (ಸೆಕೆಂಡಿಗೆ ಸದ್ದನ್ನು ಎಷ್ಟು ಸಲ ಅಳೆದಿದೆ ಎಂಬುದು) ಕಡತದ ದರಕ್ಕೆ, ಅಂದರೆ 44.1 ಅಥವಾ 48 ಕಿಲೋಹರ್ಟ್ಸ್‌ಗೆ ಹೊಂದಿಸಿ, ಆಡಿಯೊ ಎನ್‌ಹ್ಯಾನ್ಸ್‌ಮೆಂಟ್‌ಗಳನ್ನೆಲ್ಲ ತೆಗೆದುಹಾಕಿದ್ದೇನೆ. ಎಂ50ಎಕ್ಸ್‌ಗೆ ಕಡಿಮೆ ಗೇನ್, ಎಚ್‌ಡಿ 650ಕ್ಕೆ ಹೆಚ್ಚಿನ ಗೇನ್. ಒಂದನ್ನು ತೆಗೆದು ಇನ್ನೊಂದನ್ನು ಹಾಕುವ ಮುನ್ನ ವಾಲ್ಯೂಮ್ ಇಳಿಸುವುದು ಕಡ್ಡಾಯ. ಇಂಥ ಪೆಟ್ಟಿಗೆಗಳಲ್ಲಿ ಹಲವು, ಸದ್ದಿಲ್ಲದ ಸ್ಥಿತಿಯಿಂದ ಎಚ್ಚರಗೊಳ್ಳುವಾಗ ಕಡತದ ಮೊದಲ ಕ್ಷಣವನ್ನು ನುಂಗಿಬಿಡುತ್ತವೆ. ವಾಕ್ಯದ ಮೊದಲ ಅಕ್ಷರ ಮುದ್ರಣದಲ್ಲೇ ಕತ್ತರಿಸಿದೆಯೋ ಎಂದು ಪರೀಕ್ಷಿಸುವಾಗ, ಕರ್ಸರನ್ನು ಒಂದು ಸೆಕೆಂಡು ಹಿಂದಕ್ಕೆ ಒಯ್ದು ನುಡಿಸಿ ನೋಡಬೇಕಾಗುತ್ತದೆ.